ಚೀಲ ಉಬ್ಬದಿದ್ರೂ ಉಸಿರು ಬರ್ತಾ ಇರುತ್ತೆ

ಜೊತೆಗೆ ಯಾರಾದ್ರೂ ಇದ್ದಾಗ ವಿಮಾನ ಹತ್ತಿದ್ರೆ ನಾವು ವಿಮಾನದಲ್ಲಿ ಕೂತಿದೀವಿ ಅನ್ನೋದೇ ಅಷ್ಟಾಗಿ ಗಮನಕ್ಕೆ ಬರಲ್ಲ. ಮಗುಗೆ ಕಿವಿ ನೋವಂತೆ, ಅಮ್ಮಂಗೆ ಬೆಲ್ಟ್ ಹಾಕ್ಕೊಳಕ್ಕೆ ಬರ್ತಿಲ್ಲ, ಪಾಸ್‌ಪೋರ್ಟ್ ಎಲ್ಲಿಟ್ಟೆ, ಕಿಟಕಿ ಸೀಟು ಯಾರಿಗೆ, ಈ ಗಡಿಬಿಡಿಯಲ್ಲೇ ವಿಮಾನ ಮೇಲೆ ಹೋಗಿರುತ್ತೆ. ಒಬ್ಬರೇ ಹೋದಾಗ ಹಾಗಾಗಲ್ಲ. ಬ್ಯಾಗು ಮೇಲಿಟ್ಟು, ಬೆಲ್ಟ್ ಹಾಕ್ಕೊಂಡು, ಫೋನ್ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬಾಗಿಲು ಮುಚ್ಚಿದ ಮೇಲೆ ಒಂದು ಗಳಿಗೆ ಬರುತ್ತೆ ನೋಡಿ, ಇನ್ನು ನಾನು ಮಾಡೋ ಕೆಲಸ ಏನೂ ಉಳಿದಿಲ್ಲ ಅನ್ನೋ ಗಳಿಗೆ. ಮಾತಾಡೋಕೆ ಪಕ್ಕದಲ್ಲಿ ನಮ್ಮವರಿಲ್ಲ, ಫೋನ್ ಮಾಡೋ ಹಾಗಿಲ್ಲ, ಎದ್ದು ಹೋಗೋ ಹಾಗಿಲ್ಲ. ಇವತ್ತು ನಾನು ಮಾತಾಡ್ಬೇಕು ಅಂತಿರೋದು ಆ ಗಳಿಗೆ ಬಗ್ಗೆನೇ. ನನಗೆ ದೇವರ ಬಗ್ಗೆ ಏನಾದ್ರೂ ಗಟ್ಟಿಯಾಗಿ ಗೊತ್ತಾಗಿದ್ರೆ ಅದರಲ್ಲಿ ಬಹುಪಾಲು ಅಂಥ ಸೀಟಲ್ಲಿ ಕೂತಾಗ ಗೊತ್ತಾಗಿದ್ದು.

ಒಂದು ಸಲ ಯೋಚನೆ ಮಾಡಿ, ಸುಮಾರು 35,000 ಅಡಿ ಎತ್ತರ, ಹೊರಗಡೆ ಮೈನಸ್ 50 ಡಿಗ್ರಿಗಿಂತಲೂ ಕೆಳಗಿನ ಚಳಿ, ಅಲ್ಲಿರೋ ಗಾಳಿ ಎಷ್ಟು ತೆಳು ಅಂದ್ರೆ ಅದನ್ನೇ ಉಸಿರಾಡ್ಬೇಕಾಗಿ ಬಂದ್ರೆ ಒಂದು ನಿಮಿಷದೊಳಗೆ ಬುದ್ಧಿ ಕೆಲಸ ಮಾಡೋದು ನಿಲ್ಲಿಸುತ್ತೆ, ಅಂಥ ಜಾಗದಲ್ಲಿ ನಾವು ಶರ್ಟು ತೋಳು ಮಡಚ್ಕೊಂಡು ನಿದ್ದೆ ಮಾಡ್ತಿರ್ತೀವಿ. ನಮ್ಮ ಶಕ್ತಿಯಿಂದ ಅಲ್ಲಿ ಕೂತಿಲ್ಲ. ನಮ್ಮನ್ನ ಹೊತ್ತುಕೊಂಡು ಹೋಗ್ತಿರೋರು ಬೇರೆಯವರು. ನೆಲದ ಮೇಲೂ ಹಾಗೇನೇ ಇರುತ್ತೆ, ಹೃದಯ ಬಡ್ಕೊಳ್ಳೋದು ನಮ್ಮ ಪ್ಲಾನಿಂಗ್‌ನಿಂದ ಅಲ್ಲ, ಬೆಳಗ್ಗೆ ಎಚ್ಚರ ಆಗೋದೂ ಅಲ್ಲ, ಆದ್ರೆ ಕೈತುಂಬ ಕೆಲಸ ಇರೋದ್ರಿಂದ ಎಲ್ಲಾ ನಾನೇ ನಡೆಸ್ತಿದೀನಿ ಅಂತ ಅನ್ಸ್‌ಬಿಡುತ್ತೆ. ವಿಮಾನದಲ್ಲಿ ಹಾಗೆ ಅನ್ಸೋಕೆ ಜಾಗ ಇಲ್ಲ.

ಹೊತ್ತುಕೊಂಡು ಹೋಗ್ತಿರೋರು ಯಾರು ಅಂತ ಸ್ವಲ್ಪ ಕೆದಕಿ ನೋಡಿದ್ರೆ ನಿಜವಾಗ್ಲೂ ಕಣ್ಣು ತುಂಬುತ್ತೆ. ಉದಾಹರಣೆಗೆ ಕಿಟಕಿ ಪಕ್ಕ ಕೂತವರು ನೋಡಿರ್ತೀರಿ, ವಿಮಾನ ಕುಲುಕಿದಾಗ ರೆಕ್ಕೆ ಮೇಲೆ ಕೆಳಗೆ ಆಡುತ್ತೆ, ನೋಡಿದ್ರೆ ಎದೆ ಝಲ್ ಅನ್ನುತ್ತೆ. ಆದ್ರೆ ಅದು ಬಾಗ್ಲಿ ಅಂತಲೇ ಮಾಡಿರೋದು. 1995ರಲ್ಲಿ ಒಂದು ಬೋಯಿಂಗ್ 777 ವಿಮಾನನ ನೆಲದ ಮೇಲೇ ನಿಲ್ಲಿಸಿ ಅದರ ರೆಕ್ಕೆಗಳನ್ನ ಬೇಕಂತಲೇ ಮುರಿದ್ರು. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಭಾರ ಎಷ್ಟು ಅಂತ ಲೆಕ್ಕ ಹಾಕಿ ಅದರ ಒಂದೂವರೆ ಪಟ್ಟು ತಡ್ಕೋಬೇಕು ಅನ್ನೋದು ನಿಯಮ, ಎಳೀತಾ ಎಳೀತಾ ಹೋದ್ರು, ರೆಕ್ಕೆ ತುದಿ 24 ಅಡಿ ಮೇಲಕ್ಕೆ ಬಾಗಿ, ಆ ಅತಿ ಹೆಚ್ಚಿನ ಭಾರದ 154 ಪರ್ಸೆಂಟ್‌ಗೆ ಬಂದಾಗ ಮುರೀತು. ಅಂದ್ರೆ ನಾನು ಹತ್ತೋಕೆ ಮುಂಚೆನೇ, ನನ್ನ ಮುಖನೂ ನೋಡದೇ ಇರೋ ಯಾರೋ ಒಂದಷ್ಟು ಜನ, ನನಗೆ ಬರಬಹುದಾದ ಕೆಟ್ಟ ಗಳಿಗೆನ ಮೊದಲೇ ಯೋಚಿಸಿ, ಅದಕ್ಕಿಂತ ಹೆಚ್ಚಿಂದನ್ನ ಆ ರೆಕ್ಕೆ ಮೇಲೆ ಹಾಕಿ ನೋಡಿದಾರೆ. ಇದನ್ನ ನಾನು ಪ್ರೀತಿ ಅಂತಲೇ ಕರೀತೀನಿ. ಅವರಿಗೆ ಅದು ನೌಕರಿ ಇರಬಹುದು, ನನಗೆ ಬಂದು ತಲುಪೋ ಹೊತ್ತಿಗೆ ಅದು ಪ್ರೀತಿನೇ ಆಗಿರುತ್ತೆ.

ಇನ್ನೊಂದು ವಿಷಯ. ದೊಡ್ಡ ಸಮುದ್ರದ ಮಧ್ಯೆ ಹೋಗುವಾಗ ನೆಲದ ಮೇಲಿನ ರೇಡಾರ್ ಅಷ್ಟು ದೂರ ತಲುಪಲ್ಲ. ಹಾಗಾದ್ರೆ ನಾವು ಯಾರ ಕಣ್ಣಿಗೂ ಬೀಳದೇ ಹೋಗ್ತಿರ್ತೀವಾ? ಇಲ್ಲ, ವಿಮಾನ ತಾನು ಎಲ್ಲಿದೀನಿ ಅಂತ ಆಗಾಗ ಹೇಳ್ತಾ ಇರುತ್ತೆ, ಸ್ಯಾಟಲೈಟ್ ಮೂಲಕನೋ ರೇಡಿಯೋ ಮೂಲಕನೋ. ಬರಬೇಕಾದ ಸುದ್ದಿ ಬರಬೇಕಾದ ಹೊತ್ತಿಗೆ ಬರದೇ ಅರ್ಧ ಗಂಟೆ ಕಳೆದ್ರೆ ಅದನ್ನ ಅನುಮಾನದ ಹಂತ ಅಂತ ಘೋಷಿಸಿ ವಿಚಾರಿಸೋಕೆ ಶುರು ಮಾಡ್ಬೇಕು ಅಂತ ಅಂತರರಾಷ್ಟ್ರೀಯ ನಿಯಮನೇ ಇದೆ. ರಾತ್ರಿ ಎಲ್ಲಾ ದೀಪ ಆರಿಸಿದಾಗ, ಕೆಳಗೆ ಬರೀ ಕಪ್ಪು ಇದ್ದಾಗ, ಭೂಮಿ ಮೇಲೆ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ನಿದ್ದೆಗೆಟ್ಟು ನಮ್ಮ ವಿಮಾನದ ಮಾತಿಗೆ ಕಾಯ್ತಾ ಕೂತಿರ್ತಾರೆ. ನನಗೆ ಯಾರೂ ಇಲ್ಲ ಅನ್ನೋ ಭಾವನೆ ಬಂದಾಗೆಲ್ಲ ನಾನು ಈ ಕೋಣೆನ ನೆನೆಸ್ಕೊಳ್ತೀನಿ.

ಈಗ ನನಗೆ ತುಂಬಾ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಕಡಿಮೆ ಆಗುತ್ತಲ್ಲ, ಆಗ ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ, ವಿಮಾನ ಕೆಳಗೆ ಬೀಳ್ತಿದೆ ಅನ್ನೋ ಹಾಗೆ ಆಗುತ್ತೆ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಆಗಿರುತ್ತೆ. ಪೈಲಟ್ ಇಂಜಿನ್ ಶಕ್ತಿನ ಸ್ವಲ್ಪ ಇಳಿಸಿರ್ತಾರೆ ಅಷ್ಟೇ, ವಿಮಾನ ಆಗ್ಲೂ ಮೇಲಕ್ಕೇ ಹತ್ತುತಿರುತ್ತೆ. ಒಳಕಿವಿಯಲ್ಲಿ ಸಮತೋಲನ ಹೇಳೋ ಅಂಗ ಇದೆಯಲ್ಲ, ಅದು ನೆಲದ ಮೇಲೆ ನಡೆಯೋರಿಗೆ ಅಂತ ಇರೋದು, ವೇಗ ಹೆಚ್ಚು ಕಡಿಮೆ ಆಗಿದ್ದನ್ನ ಅದು ಮೇಲೆ ಕೆಳಗೆ ಅಂತ ತಪ್ಪಾಗಿ ಓದ್ಕೊಳ್ಳುತ್ತೆ. ಮೈಯೆಲ್ಲಾ ಬೀಳ್ತಿದೀನಿ ಅಂತ ಕೂಗ್ತಿರುತ್ತೆ, ನಿಜದಲ್ಲಿ ಏರ್ತಿರ್ತೀವಿ.

ಇದು ಪ್ರಯಾಣಿಕರಿಗೆ ಮಾತ್ರ ಅಲ್ಲ, ಪೈಲಟ್‌ಗೂ ಹಾಗೇ ಆಗುತ್ತೆ. ಮೋಡದೊಳಗೆ ಹೋಗಿ ನೆಲ ಆಕಾಶದ ಗೆರೆ ಕಾಣದೇ ಹೋದ್ರೆ ಎಷ್ಟು ಅನುಭವ ಇದ್ರೂ ಮೈ ಹೇಳೋದನ್ನ ನಂಬಿ ಹಾರಿಸೋಕಾಗಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನ ಇದೆ, ಎತ್ತರ, ವೇಗ, ವಿಮಾನ ಎಷ್ಟು ವಾಲಿದೆ ಅಂತ ತೋರಿಸೋ ಉಪಕರಣ ನೋಡಿ ಹಾರಿಸೋ ತರಬೇತಿ ಇಲ್ಲದ 20 ಜನರನ್ನ ಹೊರಗೆ ಏನೂ ಕಾಣದ ಹಾಗೆ ಮಾಡಿ ಹಾರಿಸೋಕೆ ಬಿಟ್ರು, ಇಪ್ಪತ್ತೂ ಜನ ಹತೋಟಿ ಕಳ್ಕೊಂಡ್ರು, ಸರಾಸರಿ 178 ಸೆಕೆಂಡಲ್ಲಿ. ಮೂರು ನಿಮಿಷನೂ ಇಲ್ಲ. ಅವರೇನು ದಡ್ಡರಲ್ಲ, ಧೈರ್ಯ ಇಲ್ಲದವರೂ ಅಲ್ಲ. ತಮಗೆ ಅನ್ಸಿದ್ದನ್ನ ನಂಬಿದ್ರು ಅಷ್ಟೇ.

ಅದಕ್ಕೂ ಎಷ್ಟೋ ವರ್ಷ ಮುಂಚೆ, 1929ರ ಸೆಪ್ಟೆಂಬರ್ 24ರಂದು, ಜಿಮ್ಮಿ ಡೂಲಿಟಲ್ ಅನ್ನೋ ಅಮೆರಿಕನ್ ಪೈಲಟ್ ತಾವು ಕೂತ ಜಾಗಕ್ಕೆ ಪೂರ್ತಿ ಮುಚ್ಚಿಗೆ ಹಾಕಿಸ್ಕೊಂಡು, ಹೊರಗಿನ ಒಂದು ಚೂರೂ ಕಾಣದ ಹಾಗೆ ಮಾಡ್ಕೊಂಡು, ಬರೀ ಉಪಕರಣಗಳನ್ನ ನೋಡ್ತಾ ಟೇಕಾಫ್ ಮಾಡಿ, ಸುತ್ತು ಹಾಕಿ, ಅದೇ ಮೈದಾನಕ್ಕೆ ವಾಪಸ್ ಬಂದು ಇಳಿಸಿದ್ರು. ಹದಿನೈದು ನಿಮಿಷದ ಹಾರಾಟ. ಇವತ್ತು ಮಳೆ ಮಂಜು ಮೋಡ ಅನ್ನದೇ ವಿಮಾನಗಳು ಓಡಾಡ್ತಿರೋದಕ್ಕೆ ಆ ಹದಿನೈದು ನಿಮಿಷಗಳು ದಾರಿ ಮಾಡಿಕೊಟ್ವು. ಇದರಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಅಂದ್ರೆ ಮುಂದಿನ ಸೀಟಲ್ಲಿ ಇನ್ನೊಬ್ಬ ಪೈಲಟ್ ಕೂತಿದ್ರು, ಬೆನ್ ಕೆಲ್ಸಿ ಅಂತ, ಏನಾದ್ರೂ ಅಪಾಯ ಆದ್ರೆ ವಿಮಾನ ಹಿಡಿಯೋಕೆ. ಅವರು ಕೈ ಹಾಕೋ ಪ್ರಸಂಗನೇ ಬರಲಿಲ್ಲ. ಆದ್ರೆ ಇದ್ರು. ಕತ್ತಲೆ ಗೂಡಲ್ಲಿ ಕೂತವರಿಗೆ ಅವರು ಕಾಣ್ತಿರಲಿಲ್ಲ, ಇದಾರೆ ಅಂತ ಗೊತ್ತಿತ್ತು.

ನಂಬಿಕೆ ಅಂದ್ರೆ ಏನು ಅಂತ ನನ್ನನ್ನ ಯಾರಾದ್ರೂ ಕೇಳಿದ್ರೆ ನಾನು ಈ ಹಾರಾಟದ ಕಥೆ ಹೇಳ್ತೀನಿ. ನಮ್ಮಲ್ಲಿ ತುಂಬಾ ಜನ ದೇವರನ್ನ ಅನ್ಸೋದರ ಮೇಲೆ ಅಳೀತೀವಿ. ಮನಸ್ಸು ಹಗುರ ಇದ್ರೆ ದೇವರು ಹತ್ತಿರ ಇದಾನೆ, ಮನಸ್ಸು ಕುಗ್ಗಿದ್ರೆ ಕೈಬಿಟ್ಟ. ಆದ್ರೆ ಮನಸ್ಸೂ ಒಳಕಿವಿ ಹಾಗೇನೇ, ಮೋಡದೊಳಗೆ ಹೋದಾಗ ಅದು ಹೇಳೋ ದಿಕ್ಕು ನಂಬೋ ಹಾಗಿರಲ್ಲ. ಆಗ ಕೈ ಹಿಡಿಯೋದು ಬೆಳಕಿದ್ದಾಗ ಕಲಿತು ಇಟ್ಕೊಂಡಿದ್ದು, ದಿನಾ ಮಾಡೋ ಪ್ರಾರ್ಥನೆ, ಕೊಟ್ಟ ಮಾತು, ದೊಡ್ಡವರು ಬದುಕಿ ತೋರಿಸಿದ್ದು. ಅವನ್ನ ನೋಡ್ಕೊಂಡು ಹಾರಿಸ್ಬೇಕು. ಪೈಲಟ್ ಆಗೋರಿಗೆ ಇದನ್ನ ಬಿಸಿಲಿರೋ ದಿನನೇ ಕಲಿಸ್ತಾರೆ, ಮೋಡ ಬಂದ ಮೇಲೆ ಅಲ್ಲ. ಆದ್ದರಿಂದ ಜೀವನ ಚೆನ್ನಾಗಿ ನಡೀತಿರುವಾಗ ಪ್ರಾರ್ಥನೆ ಯಾಕೆ ಅಂತ ಕೇಳೋ ಚಿಕ್ಕ ವಯಸ್ಸಿನವರಿಗೆ ನಾನು ಹೇಳೋದು, ಈಗಲೇ ಮಾಡಿ, ಅಭ್ಯಾಸ ಆಗೋದು ಈಗಲೇ.

ಇದನ್ನ ನಾನು ಬರೀ ಓದಿ ಹೇಳ್ತಿಲ್ಲ. ಅಪ್ಪನಿಗೆ ಸೀರಿಯಸ್ ಆಗಿದೆ ಅಂತ ಫೋನ್ ಬಂದು, ಸಿಕ್ಕ ಟಿಕೆಟ್ ತಗೊಂಡು ನಾನು ಒಂಟಿಯಾಗಿ ಹೊರಟ ಒಂದು ರಾತ್ರಿ ಇತ್ತು. ಸೀಟಲ್ಲಿ ಕೂತು ಪ್ರಾರ್ಥನೆ ಮಾಡೋಕೆ ನೋಡ್ತೀನಿ, ಏನೂ ಬರ್ತಿಲ್ಲ. ಅಳುನೂ ಇಲ್ಲ. ಬಾಯಿಪಾಠ ಇದ್ದ ಸಾಲುಗಳು ಹೇಳ್ತಿದೀನಿ, ಅವು ಗೋಡೆಗೆ ಹೇಳಿದ ಹಾಗಿದಾವೆ. ಆಗ ಕ್ರೂನವರು ಸೇಫ್ಟಿ ಡೆಮೋ ತೋರಿಸೋಕೆ ಶುರು ಮಾಡಿದ್ರು, ಯಾರೂ ನೋಡದ ಆ ಡೆಮೋ. ಒಳಗೆ ಗಾಳಿ ಒತ್ತಡ ಕಡಿಮೆ ಆದ್ರೆ ಮೇಲಿಂದ ಬೀಳೋ ಹಳದಿ ಮಾಸ್ಕ್ ಎಳೀಬೇಕು, ಮೂಗು ಬಾಯಿ ಮೇಲೆ ಇಟ್ಕೋಬೇಕು, ಮೊದಲು ನೀವು ಹಾಕ್ಕೊಂಡು ಆಮೇಲೆ ಬೇರೆಯವರಿಗೆ, ಇದೆಲ್ಲಾ ಎಷ್ಟೋ ಸಲ ಕೇಳಿದ್ದೇ. ಅದರ ನಡುವೆ ಒಂದು ಮಾತು ಬರುತ್ತೆ, ಮಾಸ್ಕ್‌ಗೆ ಅಂಟಿಕೊಂಡಿರೋ ಚೀಲ ಉಬ್ಬದೇ ಇರಬಹುದು, ಆದ್ರೂ ಆಮ್ಲಜನಕ ಬರ್ತಾ ಇರುತ್ತೆ ಅಂತ. ಅವತ್ತು ಆ ಮಾತು ನೇರ ನನಗೇ ಹೇಳಿದ ಹಾಗೆ ಕೇಳಿಸ್ತು.

ಆಮೇಲೆ ಇದರ ಬಗ್ಗೆ ತಿಳ್ಕೊಂಡೆ. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಬರೋ ಆಮ್ಲಜನಕನ ಹಿಡಿದಿಡೋಕೆ ಆ ಚೀಲ ಇರೋದು. ಗಾಬರಿಯಿಂದ ಜೋರಾಗಿ ಉಸಿರಾಡ್ತಿದ್ರೆ ಬಂದದ್ದೆಲ್ಲಾ ಹಾಗೇ ಒಳಗೆ ಹೋಗ್ಬಿಡುತ್ತೆ, ಚೀಲದಲ್ಲಿ ನಿಲ್ಲೋಕೆ ಏನೂ ಉಳಿಯಲ್ಲ. ಅದನ್ನ ನೋಡಿ ಮಾಸ್ಕ್ ಕೆಲಸ ಮಾಡ್ತಿಲ್ಲ ಅಂತ ಕಿತ್ತು ಹಾಕಿದ್ರೆ ಮುಗೀತು. ಅದಕ್ಕೇ ಆ ಮಾತನ್ನ ಪ್ರತಿ ಸಲ ಹೇಳೋದು. ಅತಿ ಹೆಚ್ಚು ಬೇಕಾಗಿರೋ ಹೊತ್ತಲ್ಲೇ ಚೀಲ ಚಪ್ಪಟೆಯಾಗಿ ಕಾಣೋದು, ಯಾಕಂದ್ರೆ ಬಂದದ್ದು ಪೂರ್ತಿ ನಮ್ಮೊಳಗೇ ಹೋಗ್ತಿರುತ್ತೆ. ಆ ರಾತ್ರಿ ನಾನು ಗೋಡೆಗೆ ಹೇಳಿದ ಹಾಗಿದ್ದ ಆ ಸಾಲುಗಳನ್ನ ಬಿಡದೇ ಹೇಳ್ತಾ ಹೋದೆ. ಏನೂ ಅನ್ಸಲಿಲ್ಲ. ಹೇಳ್ತಾ ಹೋದೆ.

ಅಪ್ಪ ಉಳಿಯಲಿಲ್ಲ. ನಾನು ಇಳಿಯೋ ಹೊತ್ತಿಗೆ ಹೋಗಿದ್ರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಪ್ರಯಾಣ ಮತ್ತು ನಂಬಿಕೆ ಅಂತ ಮಾತಾಡೋರು ಬಹಳ ಸಲ ಕೊನೆಗೆ ಎಲ್ಲಾ ಸರಿಹೋದ ಕಥೆಗಳನ್ನೇ ಹೇಳ್ತಾರೆ. ವಿಮಾನ ತುಂಬಾ ಕುಲುಕ್ತು, ಪ್ರಾರ್ಥನೆ ಮಾಡಿದೆ, ನಿಂತು ಹೋಯ್ತು. ಹಾಗಾದ್ರೆ ವಿಮಾನ ಬಿದ್ದು ಹೋದವರು ಪ್ರಾರ್ಥನೆ ಮಾಡಿರಲಿಲ್ವಾ? ಮಾಡಿರ್ತಾರೆ, ನನಗಿಂತ ದೊಡ್ಡ ನಂಬಿಕೆ ಇದ್ದವರೂ ಅವರಲ್ಲಿ ಇರ್ತಾರೆ. ನನ್ನ ಪ್ರಾರ್ಥನೆಯಿಂದ ನನ್ನ ವಿಮಾನ ಉಳೀತು ಅನ್ನೋ ಮಾತನ್ನ, ವಾಪಸ್ ಬರದೇ ಹೋದವರ ಮನೆಯವರ ಎದುರು ನಿಂತು ಹೇಳೋಕಾಗುತ್ತಾ? ಅವರ ಎದುರು ಹೇಳೋಕಾಗದ ಮಾತನ್ನ ದೇವರ ಎದುರೂ ಹೇಳಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾನೀಗ ಟೇಕಾಫ್ ಹೊತ್ತಲ್ಲಿ ಕೇಳ್ಕೊಳ್ಳೋದು ಸ್ವಲ್ಪ ಬೇರೆ. ಹಾರಿಸೋರ ಕಣ್ಣಿಗೆ ಎಚ್ಚರ ಕೊಡು, ಇಲ್ಲಿರೋ ಎಲ್ಲರಿಗೂ ಕಾಯ್ತಿರೋ ಮನೆ ತಲುಪ್ಸು, ಏನೇ ಬಂದ್ರೂ ಅದರಲ್ಲಿ ನನ್ನನ್ನ ಒಂಟಿ ಮಾಡಬೇಡ. ಅಪ್ಪನ ವಿಷಯದಲ್ಲೂ ಆ ಕೊನೆ ಬೇಡಿಕೆಗೆ ಉತ್ತರ ಸಿಕ್ಕಿತ್ತು, ಆ ರಾತ್ರಿ ನನಗೆ ಕಾಣಲಿಲ್ಲ ಅಷ್ಟೇ, ಅವರ ಕೈ ಹಿಡ್ಕೊಂಡು ಕೊನೆವರೆಗೂ ಪಕ್ಕದಲ್ಲಿ ಕೂತವರು ಒಬ್ರಿದ್ರು ಅಂತ ಆಮೇಲೆ ಗೊತ್ತಾಯ್ತು.

ಕಳ್ಕೊಂಡವರು ಏನು ಮಾಡಬಹುದು ಅನ್ನೋದಕ್ಕೆ ಡೇವಿಡ್ ವಾರನ್ ಅವರ ಕಥೆ ಹೇಳಬೇಕು, ಸ್ವಲ್ಪ ದಾರಿ ಬಿಟ್ಟು ಹೋದ ಹಾಗಾಗುತ್ತೆ, ಪರವಾಗಿಲ್ಲ. ಆಸ್ಟ್ರೇಲಿಯಾದವರು. 1934ರಲ್ಲಿ ಅವರ ತಂದೆ ಇದ್ದ ವಿಮಾನ ಬಾಸ್ ಜಲಸಂಧಿ ಮೇಲೆ ಕಾಣೆಯಾಯ್ತು, ಹುಡುಗನಿಗೆ ಆಗ ಒಂಬತ್ತು ವರ್ಷ. ದೊಡ್ಡವರಾಗಿ ಮೆಲ್ಬರ್ನ್‌ನಲ್ಲಿ ವಿಮಾನ ಸಂಶೋಧನೆಯ ಲ್ಯಾಬಲ್ಲಿ ವಿಜ್ಞಾನಿ ಆಗಿದ್ದಾಗ, 1950ರ ದಶಕದಲ್ಲಿ, ಕಾಕ್‌ಪಿಟ್ ಮಾತುಗಳನ್ನೂ ಉಪಕರಣಗಳ ಅಳತೆಗಳನ್ನೂ ರೆಕಾರ್ಡ್ ಮಾಡಿ ಇಡೋ ಸಾಧನ ಮಾಡಿದ್ರು, ಅದೇ ನಾವು ಬ್ಲ್ಯಾಕ್ ಬಾಕ್ಸ್ ಅಂತೀವಲ್ಲ ಅದು, ಬಣ್ಣ ಕಿತ್ತಳೆ, ಹುಡುಕೋಕೆ ಸುಲಭ ಆಗ್ಲಿ ಅಂತ. ತನ್ನ ತಂದೆಗೆ ಏನಾಯ್ತು ಅಂತ ಗೊತ್ತಾಗದೇ ಬೆಳೆದ ಒಬ್ಬ ಮಗ, ಇನ್ನೊಬ್ಬರ ಮನೆಯವರಿಗಾದ್ರೂ ಗೊತ್ತಾಗೋ ದಾರಿ ಮಾಡಿಟ್ಟ. ಇವತ್ತಿನ ಅಂತರರಾಷ್ಟ್ರೀಯ ನಿಯಮದಲ್ಲೂ ಅಪಘಾತದ ತನಿಖೆ ಮಾಡೋದು ಇನ್ನೊಂದು ಆಗದಿರಲಿ ಅಂತ, ಯಾರ ತಲೆ ಮೇಲೆ ತಪ್ಪು ಹೊರಿಸೋಕೆ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ಮನೆಗಳಲ್ಲಿ ಏನಾದ್ರೂ ಕೆಟ್ಟದ್ದು ನಡೆದಾಗ ನಾವು ಮೊದಲು ಕೇಳೋದು ಯಾರಿಂದ ಆಯ್ತು ಅಂತ. ಎಷ್ಟು ಸಂಬಂಧಗಳು ಆ ಒಂದು ಪ್ರಶ್ನೆಯಲ್ಲೇ ಸುಟ್ಟು ಹೋಗಿದಾವೆ.

ಲಗೇಜ್ ಬಗ್ಗೆ ಒಂದೆರಡು ಮಾತು. ಒಬ್ಬರೇ ಹೋಗೋರ ಬ್ಯಾಗು ಯಾವಾಗ್ಲೂ ಭಾರ ಇರುತ್ತೆ, ಗಮನಿಸಿ ನೋಡಿ, ಕೇಳೋಕೆ ಯಾರೂ ಇರಲ್ಲ ಅಂತ ಎಲ್ಲಾ ತುಂಬ್ಕೊಂಡಿರ್ತೀವಿ. ಒಂದು ಸಲ ನನ್ನ ಸೂಟ್‌ಕೇಸ್ ನಾನಿಳಿದ ಊರಿಗೆ ಬರಲೇ ಇಲ್ಲ, ಅದು ಸಿಗೋವರೆಗೆ ಕೈಚೀಲದಲ್ಲಿ ಇದ್ದುದರಲ್ಲೇ ದಿನ ಕಳೆದೆ, ಕಳೀತು ಕೂಡ. ಆದ್ರೆ ಈ ಪಾಠನ ನನಗಿಂತ ದೊಡ್ಡದಾಗಿ ಕಲಿಸಿದವರು ಬೇರೆ ಇದಾರೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ಏರ್‌ಪೋರ್ಟಲ್ಲಿ ಇಳೀತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಡಿಕ್ಕಿ ಹೊಡೆದು ಬೆಂಕಿ ಹತ್ತಿಕೊಳ್ತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐದು ಜನ ತೀರಿಹೋದ್ರು. ದೊಡ್ಡ ವಿಮಾನದಲ್ಲಿ 379 ಜನ ಇದ್ರು. ಒಳಗೆ ಹೊಗೆ, ಅನೌನ್ಸ್‌ಮೆಂಟ್ ವ್ಯವಸ್ಥೆ ಕೆಲಸ ಮಾಡ್ತಿಲ್ಲ, ಕ್ರೂನವರು ಮೆಗಾಫೋನ್ ಹಿಡಿದು ಕೂಗಿ ಹೇಳ್ತಿದಾರೆ, ಬಳಸೋ ಹಾಗಿದ್ದದ್ದು ಮೂರೇ ಬಾಗಿಲು. 379 ಜನನೂ ಜೀವ ಉಳಿಸ್ಕೊಂಡು ಹೊರಗೆ ಬಂದ್ರು. ಬ್ಯಾಗುಗಳನ್ನ ಅಲ್ಲೇ ಬಿಟ್ಟು ಬಂದಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಒಬ್ಬ ಮೇಲಿನ ಬ್ಯಾಗ್ ಇಳಿಸೋಕೆ ನಿಂತಿದ್ರೆ ಹಿಂದಿದ್ದವರ ದಾರಿ ಕಟ್ಟಿ ಹೋಗ್ತಿತ್ತು. ಆ ಬ್ಯಾಗುಗಳಲ್ಲಿ ಮದುವೆ ಫೋಟೋ ಇದ್ದಿರಬಹುದು, ಸರ್ಟಿಫಿಕೇಟ್ ಇದ್ದಿರಬಹುದು, ಬೆಲೆ ಕಟ್ಟೋಕಾಗದ್ದು ಇದ್ದಿರಬಹುದು. ಹಿಂದೆ ನಿಂತಿದ್ದ ಗುರುತಿಲ್ಲದ ಮನುಷ್ಯ ಅದೆಲ್ಲಕ್ಕಿಂತ ದೊಡ್ಡವನು ಅಂತ ಅಷ್ಟೂ ಜನ ಒಂದೇ ಸಲಕ್ಕೆ ಒಪ್ಪಿಕೊಂಡ ಹಾಗಾಯ್ತು ಅದು. ತ್ಯಾಗದ ಬಗ್ಗೆ ಎಷ್ಟೋ ಪ್ರವಚನ ಕೇಳಿದೀನಿ, ಅದು ನಡೆದಿದ್ದನ್ನ ಇಷ್ಟು ಸ್ಪಷ್ಟವಾಗಿ ಕಂಡಿದ್ದು ಕಡಿಮೆ.

ಒಂಟಿ ಪ್ರಯಾಣದಲ್ಲಿ ಪಕ್ಕದ ಸೀಟಿನವರು ಕೊಡೋದು ಇನ್ನೊಂದು ಥರದ್ದು. ಕೆಲವರು ಮಾತೇ ಆಡಲ್ಲ, ಕೆಲವರು ಇಳಿಯೋದ್ರೊಳಗೆ ಜೀವನ ಪೂರ್ತಿ ಹೇಳ್ತಾರೆ, ಮತ್ತೆ ಸಿಗಲ್ಲ ಅನ್ನೋ ಧೈರ್ಯಕ್ಕೆ. ಕೇಳಿಸ್ಕೊಳ್ಳಿ. ಹೆಸರು ಕೇಳಬೇಡಿ, ಸಲಹೆ ಕೊಡಬೇಡಿ, ಬರೀ ಕೇಳಿಸ್ಕೊಳ್ಳಿ. ನಮ್ಮ ಪ್ರಾರ್ಥನೆನ ದೇವರು ಹೇಗೆ ಕೇಳಿಸ್ಕೊಳ್ತಾನೆ ಅಂತ ಆಗ ಸ್ವಲ್ಪ ಅರ್ಥ ಆಗುತ್ತೆ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಎಲ್ಲಾ ಧರ್ಮದವರಿಗೂ ಅಂತ ಒಂದು ಪ್ರಾರ್ಥನೆ ಕೋಣೆ ಇರುತ್ತೆ, ಮುಂದಿನ ಕನೆಕ್ಷನ್ ವಿಮಾನಕ್ಕೆ ಟೈಮ್ ಇದ್ರೆ ಒಳಗೆ ಹೋಗಿ ಕೂತ್ಕೊಳ್ಳಿ. ಬಾಸ್ಟನ್‌ನ ಲೋಗನ್ ಏರ್‌ಪೋರ್ಟಲ್ಲಿ 1951ರಲ್ಲೇ ಒಂದು ಪ್ರಾರ್ಥನಾ ಮಂದಿರ ಕಟ್ಟಿದ್ರು, ಅದನ್ನ ಮುಖ್ಯವಾಗಿ ಕಟ್ಟಿದ್ದು ಪ್ರಯಾಣಿಕರಿಗಲ್ಲ, ಅಲ್ಲಿ ಹಗಲು ರಾತ್ರಿ ದುಡಿಯೋರಿಗೆ. ನಾನು ಅಂಥ ಕೋಣೆಗಳಲ್ಲಿ ಕಂಡಿದ್ದು ಇದನ್ನೇ, ಒಬ್ಬರು ಮಂಡಿಯೂರಿರ್ತಾರೆ, ಒಬ್ಬರು ಕಣ್ಣು ಮುಚ್ಚಿ ಕೂತಿರ್ತಾರೆ, ಕ್ಲೀನಿಂಗ್ ಯೂನಿಫಾರ್ಮ್‌ನಲ್ಲಿ ಒಬ್ಬರು ಐದು ನಿಮಿಷ ಬಂದು ಹೋಗ್ತಾರೆ, ಯಾರೂ ಯಾರನ್ನೂ ನೀನು ಯಾವ ದೇವರು ಅಂತ ಕೇಳಲ್ಲ.

ಇದಕ್ಕೆ ಸೇರಿದ ಹಾಗೆ ಒಂದು ಚಂದದ ವಿಷಯ ಇದೆ. ಸೂರ್ಯ ಇರೋ ಬದಿ ಬಿಟ್ಟು ಅದರ ಆಚೆ ಬದಿಯ ಕಿಟಕಿಯಲ್ಲಿ ಕೂತಿದ್ದು ಕೆಳಗೆ ಮೋಡ ಇದ್ರೆ, ಆ ಮೋಡದ ಮೇಲೆ ವಿಮಾನದ ನೆರಳು ಬಿದ್ದಿರೋ ಜಾಗದಲ್ಲಿ ಬಣ್ಣಬಣ್ಣದ ಉಂಗುರಗಳು ಕಾಣ್ತವೆ. ಮೋಡದ ಸಣ್ಣ ನೀರ ಹನಿಗಳು ಬೆಳಕನ್ನ ಬಂದ ದಿಕ್ಕಿಗೇ ವಾಪಸ್ ಕಳಿಸೋದ್ರಿಂದ ಹಾಗೆ ಆಗೋದು. ಆ ಉಂಗುರದ ನಡುಮಧ್ಯ ಯಾವಾಗ್ಲೂ ನೋಡೋರು ಕೂತಿರೋ ಜಾಗದ ನೆರಳೇ ಆಗಿರುತ್ತೆ. ಮುಂದಿನ ಸಾಲಿನವರಿಗೆ ಅದು ವಿಮಾನದ ಮುಂಭಾಗದ ಸುತ್ತ, ಕೊನೆ ಸಾಲಿನವರಿಗೆ ಬಾಲದ ಸುತ್ತ. ಕೊನೆ ಸಾಲಿನ ಸೀಟು ಸಿಕ್ತಲ್ಲ ಅಂತ ಬೇಜಾರು ಮಾಡ್ಕೊಂಡವರಿಗೂ ಉಂಗುರ ಅವರನ್ನೇ ಸುತ್ತಿರುತ್ತೆ, ಬೆಳಕು ಮಾತ್ರ ಎಲ್ಲರಿಗೂ ಒಬ್ಬನೇ ಸೂರ್ಯನದ್ದು. ದೇವರು ಒಬ್ಬೊಬ್ಬರಿಗೂ ಪೂರ್ತಿ ಸಿಗ್ತಾನೆ ಅಂತ ಹೇಳ್ತಾರಲ್ಲ, ಅದು ಹೇಗೆ ಸಾಧ್ಯ ಅಂತ ಯೋಚಿಸ್ತಿದ್ದವರಿಗೆ ಆ ಕಿಟಕಿ ಸಾಕು.

ಕೊನೆಗೆ, ಇನ್ನೇನು ಮೊದಲನೇ ಸಲ ಒಬ್ಬರೇ ಹೊರಡಬೇಕು, ಭಯ ಆಗ್ತಿದೆ ಅಂತ ಮಾತು ಶುರುವಾಗೋಕೆ ಮುಂಚೆ ಒಬ್ಬರು ಬಂದು ಹೇಳಿದ್ರು, ಅವರಿಗೂ ಅಂಥ ಎಲ್ಲರಿಗೂ ಹೇಳ್ತೀನಿ. ರೆಕ್ಕೆ ಹತ್ತಿರದ ಸೀಟು ತಗೊಳ್ಳಿ, ಕುಲುಕಾಟ ಅಲ್ಲಿ ಸ್ವಲ್ಪ ಕಡಿಮೆ ಗೊತ್ತಾಗುತ್ತೆ. ಸೀಟ್ ಬೆಲ್ಟ್ ಲೈಟ್ ಆರಿದ್ರೂ ಕೂತಿರೋವಷ್ಟು ಹೊತ್ತು ಬೆಲ್ಟ್ ಹಾಕ್ಕೊಂಡೇ ಇರಿ. ಇಳಿಯೋಕೆ ಹೋದ ವಿಮಾನ ಮತ್ತೆ ಮೇಲಕ್ಕೆ ಎದ್ರೆ ಗಾಬರಿ ಆಗ್ಬೇಡಿ, ಅದನ್ನ ಗೋ ಅರೌಂಡ್ ಅಂತಾರೆ, ಸರಿಯಾಗಿ ಕೂಡಿಬರಲಿಲ್ಲ ಅಂದ್ರೆ ಇನ್ನೊಂದು ಸುತ್ತು ಹಾಕಿ ಬರೋದು ಪೈಲಟ್‌ಗಳು ತರಬೇತಿಯಲ್ಲಿ ಪದೇ ಪದೇ ಮಾಡಿ ಕಲಿತಿರೋ ಕೆಲಸ. ಹತ್ತುವಾಗಲೇ ಬಾಗಿಲಲ್ಲಿ ನಿಂತಿರೋ ಕ್ರೂನವರಿಗೆ ನಾನು ಒಂಟಿಯಾಗಿ ಬಂದಿದೀನಿ, ನನಗೆ ಭಯ ಇದೆ ಅಂತ ಬಾಯಿಬಿಟ್ಟು ಹೇಳಿ. ನಾಚ್ಕೋಬೇಡಿ, ಅವರಿಗೆ ಅದು ದಿನಾ ಕೇಳೋ ಮಾತು, ಮಧ್ಯೆ ಒಂದೆರಡು ಸಲ ನಿಮ್ಮ ಸೀಟಿನ ಹತ್ತಿರ ಬಂದು ಹೋಗ್ತಾರೆ. ಪ್ರಾರ್ಥನೆ ಬರೋರು ಪ್ರಾರ್ಥನೆ ಮಾಡಿ, ಬರದಿದ್ರೆ ನಿಮ್ಮ ಸಾಲಿನಲ್ಲಿ ಕೂತಿರೋ ಒಬ್ಬರಿಗೆ ಒಳ್ಳೇದಾಗ್ಲಿ ಅಂತ ಮನಸ್ಸಲ್ಲಿ ಅಂದ್ಕೊಳ್ಳಿ, ಅಲ್ಲಿಂದ ಶುರು ಮಾಡಿ.